ಕಾಫಿ ದುಡ್ಡು ಬಂದ ಮೇಲೆ ಕೊಡ್ತೇನೆ

ಕೇಳುಗರಿಗೆ ನಮಸ್ಕಾರ.

ಈ ಸಲ ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ನೆರೆಮನೆಯ ಹುಡುಗ ಮೈಸೂರಿನಿಂದ ಬಂದಿದ್ದ. ಅಲ್ಲೊಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಮೆಲ್ಲಗೆ ಕೇಳಿದ: "ಅಕ್ಕ, ಕೆಲಸ ಬಿಟ್ಟು ಊರಿಗೇ ಬಂದುಬಿಡ್ತೇನೆ. ನಿಮ್ಮ ಹಾಗೆ ವೆಬ್‌ಸೈಟ್ ಮಾಡಿಕೊಡ್ತಾ ಇರಬಹುದಲ್ವಾ?" ಬಾಗಿಲ ಹತ್ತಿರ ನಿಂತ ಅವನ ಅಮ್ಮ ನನ್ನ ಮುಖವನ್ನೇ ನೋಡ್ತಾ ಇದ್ದರು. ನಾನು "ನೋಡೋಣ ಬಿಡು" ಅಂತ ಎದ್ದುಬಂದೆ. ಆವತ್ತು ನುಂಗಿಕೊಂಡದ್ದನ್ನು ಇವತ್ತು ಹೇಳ್ತೇನೆ.

ಗೋಣಿಕೊಪ್ಪಲಿನ ಹತ್ತಿರ ಮನೆಯಲ್ಲೇ ಕೂತು ಈ ಕೆಲಸಕ್ಕೆ ಇಳಿದು ನನಗೆ 11 ವರ್ಷ ಆಯ್ತು. ಮೊದಲ ಗಿರಾಕಿ ಒಂದು ಹೋಂಸ್ಟೇ. 12,000 ರೂಪಾಯಿಗೆ ಮಾತಾಯ್ತು. ಪುಟ ಕಟ್ಟೋದಕ್ಕೆ ಹಿಡಿದದ್ದು ನಾಲ್ಕೇ ದಿನ. ಆದರೆ ಫೋಟೋ ಇಲ್ಲ. ವಾಟ್ಸಾಪಿನಲ್ಲಿ ಬಂದ ಚಿತ್ರದಲ್ಲಿ ಕೋಣೆ ಕಾಣೋದಿಲ್ಲ, ಮಂಚದ ಮೇಲೆ ಒಣಹಾಕಿದ ಟವೆಲ್ ಚೆನ್ನಾಗಿ ಕಾಣ್ತದೆ. ನಾನೇ ಕ್ಯಾಮೆರಾ ಹಿಡಿದು ಹೋದೆ. ಏನು ಬರೆಯೋದು ಅಂದ್ರೆ, "ನೀವೇ ಏನಾದ್ರೂ ಚೆನ್ನಾಗಿ ಬರ್ಕೊಳ್ಳಿ." ಬರೆದೆ. ಆಮೇಲೆ ಅಳಿಯಂದಿರು ನೋಡಿ ಬಣ್ಣ ಬದಲಿಸಿದರು, ಮಗಳು ನೋಡಿ ಹಳೇ ಬಣ್ಣವೇ ಬೇಕು ಅಂದಳು. ನಾಲ್ಕು ದಿನದ ಕೆಲಸ ಐದು ವಾರ ಎಳೆಯಿತು. ಕೈಗೆ ಬಂದದ್ದು 7,000 ರೂಪಾಯಿ, ಎರಡು ಕಿಲೋ ಕರಿಮೆಣಸು, ಒಂದು ಬಾಟಲಿ ಜೇನು. ಜೇನು ಒಳ್ಳೇದಿತ್ತು, ಸುಳ್ಳು ಹೇಳಬಾರದು.

ಅಸಲಿ ಪಾಠ ಆದದ್ದು ಮರುವರ್ಷ. ವೆಬ್‌ಸೈಟಿನ ಹೆಸರು, ಡೊಮೈನ್ ಅಂತೀವಲ್ಲ, ಅದು ಒಮ್ಮೆ ಕೊಂಡರೆ ಮುಗಿಯೋ ವಸ್ತು ಅಲ್ಲ. ವರ್ಷಕ್ಕಿಷ್ಟು ಅಂತ ಕಟ್ಟಿ ಉಳಿಸಿಕೊಳ್ಳಬೇಕು. ಅವಧಿ ಮುಗೀತಾ ಬಂತು ಅನ್ನೋ ಇಮೇಲ್ ಹೋಗ್ತಾ ಇದ್ದದ್ದು ದುಬೈಗೆ ಹೋದ ಅಳಿಯಂದಿರ ಹಳೇ ಖಾತೆಗೆ. ಡಿಸೆಂಬರ್ 23ಕ್ಕೆ ಸೈಟ್ ಮಾಯ. ಕ್ರಿಸ್‌ಮಸ್ ರಜೆ, ಕೊಡಗಿನಲ್ಲಿ ಮಂಚ ಸಿಗದ ಕಾಲ! ಯಜಮಾನರು ಫೋನಿನಲ್ಲಿ ಬೈದದ್ದು ನನ್ನನ್ನೇ. ನಾನೂ ವಾದ ಮಾಡಿದೆ: ಕಟ್ಟಿಕೊಟ್ಟಾಯ್ತು, ನನ್ನ ಕೆಲಸ ಮುಗೀತು ಅಂತ. ಆದರೆ ಫೋನ್ ಇಟ್ಟ ಮೇಲೆ ಯೋಚನೆ ಬಂತು. ಗಿಡ ನೆಟ್ಟುಕೊಟ್ಟು ಹೋದವನನ್ನು ಯಾವ ತೋಟದ ಯಜಮಾನ ಮತ್ತೆ ಕರೆದಾನು? ವರ್ಷವಿಡೀ ಕೆಲಸ ಇರೋದು ಕಪಾತು, ಗೊಬ್ಬರ, ಕಳೆ ನೋಡಿಕೊಳ್ಳೋನಿಗೆ.

ಅಲ್ಲಿಂದ ಲೆಕ್ಕ ಬದಲಾಯಿಸಿದೆ. ಕಟ್ಟೋದಕ್ಕೆ ಒಂದು ರೇಟು, ಅರ್ಧ ಮುಂಗಡ. ನೋಡಿಕೊಳ್ಳೋದಕ್ಕೆ ವರ್ಷಕ್ಕೆ 6,000. ಹೆಸರು ನವೀಕರಿಸೋದು, ಬ್ಯಾಕಪ್ ಇಡೋದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡೋದು, ಕೋಣೆ ಬಾಡಿಗೆ ಬದಲಾದರೆ ತಿದ್ದೋದು, ಎಲ್ಲ ಅದರಲ್ಲೇ. ಈಗ 41 ಸೈಟ್ ನನ್ನ ಕೈಯಲ್ಲಿವೆ. ಅಂದ್ರೆ 2,46,000 ರೂಪಾಯಿ. ಅದರಲ್ಲಿ ಸುಮಾರು 60,000 ಹೋಸ್ಟಿಂಗ್‌ಗೆ, ಅಂದ್ರೆ ಸೈಟ್ ಇಡೋ ಜಾಗದ ಬಾಡಿಗೆಗೆ, ಮತ್ತೆ ಹೆಸರುಗಳಿಗೆ ಹೋಗ್ತದೆ. ಹೊಸ ಸೈಟು ವರ್ಷಕ್ಕೆ ಎಂಟೋ ಹತ್ತೋ. ಎಲ್ಲ ಸೇರಿ ನಾಲ್ಕರಿಂದ ನಾಲ್ಕೂವರೆ ಲಕ್ಷ. ಸೇವೆಯ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ, ಅದರ ಹತ್ತಿರಕ್ಕೂ ಹೋಗಿಲ್ಲ. ಪಿಎಫ್ ಇಲ್ಲ, ಜ್ವರ ಬಂದರೆ ಸಂಬಳದ ರಜೆ ಇಲ್ಲ. ಮನೆ ಬಾಡಿಗೆಯೂ ಇಲ್ಲ ಅನ್ನಿ.

ಈ ದುಡ್ಡು ಯಾವಾಗ ಕೇಳಬೇಕು ಅನ್ನೋದನ್ನು ಕಲಿಯೋದಕ್ಕೇ ನನಗೆ ಮೂರು ವರ್ಷ ಬೇಕಾಯ್ತು. ಜುಲೈಯಲ್ಲಿ ಬಿಲ್ ಕಳಿಸಿದರೆ ಒಂದೇ ಉತ್ತರ: "ಕಾಫಿ ದುಡ್ಡು ಬಂದ ಮೇಲೆ ಕೊಡ್ತೇನೆ." ಅವರು ಮೋಸಗಾರರಲ್ಲ, ಕೈಯಲ್ಲಿ ನಿಜವಾಗಿಯೂ ಇರೋದಿಲ್ಲ. ರೊಬಸ್ಟಾ ಕಾಫಿ ಕೊಯ್ದು, ಕಣದಲ್ಲಿ ಒಣಗಿ, ಮೂಟೆ ಲಾರಿ ಹತ್ತಿದ ಮೇಲೆಯೇ ಈ ಊರಲ್ಲಿ ದುಡ್ಡು ಓಡಾಡೋದು. ಹಾಗಾಗಿ ತೋಟದವರ ನವೀಕರಣ ಎಲ್ಲ ಮಾರ್ಚಿಗೆ ತಂದೆ. ಹೋಂಸ್ಟೇಯವರದ್ದು ಜನವರಿ ಮೊದಲ ವಾರ, ರಜೆಯ ಗಿರಾಕಿ ಹೋದ ಕೂಡಲೇ. ಇದನ್ನು ಯಾವ ಯೂಟ್ಯೂಬ್ ಪಾಠದಲ್ಲೂ ಹೇಳಿಕೊಡೋದಿಲ್ಲ.

2018ರ ಆಗಸ್ಟ್‌ನ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿತು, ಮಂಗಳೂರು ರಸ್ತೆ ಕಡಿಯಿತು, ಪ್ರವಾಸಿಗರು ನಿಂತರು. ಆಗ ನನ್ನ 13 ಗಿರಾಕಿಗಳಲ್ಲಿ 10 ಹೋಂಸ್ಟೇ. ಮನೆ ಕಳಕೊಂಡವರ ಹತ್ತಿರ ವೆಬ್‌ಸೈಟ್ ಬಾಕಿ ಕೇಳೋದು ಹೇಗೆ? ಕೇಳಲಿಲ್ಲ. ಅಪ್ಪ ಕಾಫಿಯೊಂದನ್ನೇ ನಂಬದೆ ತೋಟದ ಸಿಲ್ವರ್ ಓಕ್ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ್ದು ಯಾಕೆ ಅಂತ ಆ ವರ್ಷ ಅರ್ಥ ಆಯ್ತು. ಕುಶಾಲನಗರದ ಪೀಠೋಪಕರಣದ ಅಂಗಡಿ, ಒಬ್ಬ ಹಲ್ಲಿನ ಡಾಕ್ಟರು, ಮಂಗಳೂರಿನ ಎರಡು ಶಾಲೆ, ಹೀಗೆ ಬೇರೆ ಬೇರೆಯವರನ್ನು ಹುಡುಕಿಕೊಂಡೆ. 2020ರ ಲಾಕ್‌ಡೌನಿನಲ್ಲಿ ಅನ್ನ ಹಾಕಿದ್ದು ಅವರೇ.

ಮಳೆಗಾಲದ ಕರೆಂಟಿನ ಕಥೆ ಬೇಡ. ಇನ್ವರ್ಟರ್, ಎರಡು ಕಂಪನಿಯ ಸಿಮ್, ಅದೂ ಆಗದಿದ್ದರೆ ಕುಶಾಲನಗರದ ಬಸ್ಸು. ಒಂದು ಕ್ಯಾಮೆರಾ ಲೆನ್ಸು ಬೂಷ್ಟು ಹಿಡಿದು ಹೋಯ್ತು.

ಈಗ ಆ ಹುಡುಗ ನಿಜವಾಗಿ ಹೆದರಿದ್ದು ಬೇರೆಯದಕ್ಕೆ. ಐದು ನಿಮಿಷದಲ್ಲಿ ಕೃತಕ ಬುದ್ಧಿಮತ್ತೆ ಸೈಟ್ ಕಟ್ಟಿಕೊಡ್ತದಲ್ಲ, ನಮ್ಮನ್ನು ಯಾರು ಕೇಳ್ತಾರೆ ಅಂತ. ನಾನು ಕಾಲೇಜಿನಲ್ಲಿ ಕಷ್ಟಪಟ್ಟು ಕಲಿತ, ಪುಟದಲ್ಲಿ ಚಿತ್ರ ಕುಣಿಸೋ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ಅಡೋಬಿಯವರೇ ಬಾಗಿಲು ಹಾಕಿದರು. 2003ರಲ್ಲಿ ಸೈಟ್ ಕಟ್ಟೋದನ್ನು ಸುಲಭ ಮಾಡೋ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್ ಬಂದದ್ದರಿಂದಲೇ ನನ್ನಂಥವರಿಗೆ ಈ ಕೆಲಸ ಕೈಗೆಟುಕಿತು. ಕಟ್ಟೋ ಕೂಲಿ ಇನ್ನೂ ಇಳೀತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಅದೊಂದನ್ನೇ ನಂಬಿ ಕೆಲಸ ಬಿಡಬೇಡ ಅಂತಲೇ ಅವನಿಗೆ ಹೇಳ್ತೇನೆ.

ಆದರೆ ಹೋದ ವರ್ಷ ಒಂದು ತಮಾಷೆ ಆಯ್ತು. ಪರಿಚಯದವರೊಬ್ಬರು ಯಂತ್ರದಿಂದಲೇ ಪುಟ ಬರೆಸಿ ಹಾಕಿಕೊಂಡರು. "ಡಿಸೆಂಬರಿನಲ್ಲಿ ಬನ್ನಿ, ಬೆಳ್ಳಗೆ ಅರಳಿದ ಕಾಫಿ ಹೂವಿನ ನಡುವೆ ತಂಗಿ" ಅಂತ ಅದರಲ್ಲಿತ್ತು. ಚೆನ್ನೈಯಿಂದ ಒಂದು ಕುಟುಂಬ ದೊಡ್ಡ ಕ್ಯಾಮೆರಾ ಹಿಡಿದು ಬಂದೇ ಬಂತು. ಫೆಬ್ರವರಿ, ಮಾರ್ಚಿನ ಹೂಮಳೆ ಬೀಳದೆ ಹೂವೆಲ್ಲಿ? ಗಿಡದ ತುಂಬ ಹಣ್ಣು, ಆಳುಗಳು ಕೊಯ್ತಾ ಇದ್ದಾರೆ. ಯಜಮಾನರು ಅವರ ಕೈಗೂ ಒಂದೊಂದು ಚೀಲ ಕೊಟ್ಟು ಕೊಯ್ಯೋದಕ್ಕೆ ಕರೆದುಕೊಂಡು ಹೋದರಂತೆ. ಮಕ್ಕಳಿಗೆ ಅದೇ ಖುಷಿಯಾಯ್ತಂತೆ. ಮಾರನೇ ದಿನ ಯಜಮಾನರು ನನಗೆ ಫೋನ್ ಮಾಡಿದರು. ಈಗಿನ 41ರಲ್ಲಿ ಅದೂ ಒಂದು.

ಹುಡುಗ ಕೆಲಸ ಬಿಟ್ಟಿಲ್ಲ. ಶನಿವಾರ, ಭಾನುವಾರ ಕೂತು ಅವನ ಚಿಕ್ಕಮ್ಮನ ಹೋಂಸ್ಟೇಗೆ ಸೈಟ್ ಮಾಡ್ತಾ ಇದ್ದಾನೆ. ಮೊನ್ನೆ ಮೆಸೇಜ್ ಕಳಿಸಿದ್ದ: "ಅಕ್ಕ, ಚಿಕ್ಕಮ್ಮನ ಹತ್ತಿರ ಮುಂಗಡ ಹೇಗೆ ಕೇಳೋದು?"

ಚಿಕ್ಕಮ್ಮನಿಗೆ ಕಾಫಿ ತೋಟವೂ ಇದೆಯಾ ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ನಮಸ್ಕಾರ.