ಹೆಜ್ಜಾರ್ಲೆಗೂ ನನ್ನ ಗುರುತಿಲ್ಲ

ನಮ್ಮಮ್ಮ ನನ್ನನ್ನು ಯಾವತ್ತೂ 'ನೀವು' ಅಂದವಳಲ್ಲ. ಬೈಯುವಾಗಲೂ ನೀನು, ಮುದ್ದು ಮಾಡುವಾಗಲೂ ನೀನು. ಹೋದ ವರ್ಷ ಒಂದು ಸಂಜೆ ಕಾಫಿ ಲೋಟ ಕೈಗೆ ಕೊಟ್ಟೆ. ನನ್ನ ಮುಖ ನೋಡಿದಳು. ತುಂಬಾ ಮರ್ಯಾದೆಯಿಂದ, "ನೀವು ಯಾರ ಮನೆಯವರಮ್ಮಾ?" ಅಂತ ಕೇಳಿದಳು. ಹೀಗೊಂದು ದಿನ ಬರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆದರೆ ಅದು ಒಂದೇ ಒಂದು 'ನೀವು' ಆಗಿ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಅಮ್ಮನಿಗಿರುವುದು ಅಲ್ಝೈಮರ್. ಮಿದುಳಿನಲ್ಲಿ ಹೊಸ ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಅನ್ನುವ ಭಾಗಕ್ಕೆ ಈ ಕಾಯಿಲೆ ಮೊದಮೊದಲೇ ಕೈ ಹಾಕುತ್ತದೆ. ಅದಕ್ಕೇ ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ, ಚಿಕ್ಕಂದಿನ ಮನೆಯ ಹಟ್ಟಿ, ಬಾವಿ, ಹಸುವಿನ ಹೆಸರು ಎಲ್ಲಾ ನೆನಪಿರುತ್ತವೆ. ಸಂಜೆಯಾಯಿತು ಅಂದರೆ ಗಾಬರಿ ಜಾಸ್ತಿ. ಇದು ಈ ಕಾಯಿಲೆ ಇರುವ ಎಷ್ಟೋ ಮನೆಗಳಲ್ಲಿ ನಡೆಯುವುದೇ. ತನ್ನ ಮನೆಯಲ್ಲೇ ಕೂತು "ನಡಿ, ಮನೆಗೆ ಹೋಗೋಣ" ಅನ್ನುತ್ತಾಳೆ. ಅವಳು ಹೇಳುವ ಮನೆ ಕೆ.ಆರ್. ನಗರದ ಹತ್ತಿರದ ಹಳ್ಳಿಯಲ್ಲಿತ್ತು, ಬಿದ್ದು ಎಷ್ಟೋ ವರ್ಷ ಆಯಿತು. ಮೊದಮೊದಲು ನಾನು ವಾದ ಮಾಡುತ್ತಿದ್ದೆ. ಇದೇ ನಿನ್ನ ಮನೆ, ನಾನು ನಿನ್ನ ಮಗಳು, ನೋಡು, ಫೋಟೋ ನೋಡು ಅಂತ. ಕೊನೆಗೆ ಇಬ್ಬರೂ ಅಳುತ್ತಿದ್ದೆವು.

ಆಗ ಎದುರು ಮನೆಯ ಅಕ್ಕ ಬಂದು ಒಂದು ಮಾತು ಹೇಳಿದರು. "ನಾಳೆಯಿಂದ ಬೆಳಿಗ್ಗೆ ಆರರಿಂದ ಏಳರವರೆಗೆ ನಾನು ಅಮ್ಮನ ಹತ್ತಿರ ಕೂರುತ್ತೇನೆ, ನೀನು ಎಲ್ಲಿಗಾದರೂ ಹೋಗಿ ಬಾ." ಎಲ್ಲಿಗೆ ಹೋಗಲಿ? ಮೈಸೂರಿನಲ್ಲಿ ಇದ್ದೀನಿ, ಕುಕ್ಕರಹಳ್ಳಿ ಕೆರೆ ನಡೆದು ಹೋಗುವಷ್ಟು ಹತ್ತಿರ. ಹೋದೆ.

ಮೊದಲ ವಾರ ಏನೂ ನೋಡಲಿಲ್ಲ, ನಿಜ ಹೇಳುತ್ತೇನೆ. ಫೋನ್ ಕೈಯಲ್ಲೇ ಹಿಡಿದು, ಅಕ್ಕ ಕಾಲ್ ಮಾಡುತ್ತಾರೇನೋ ಅಂತ ಏರಿ ಮೇಲೆ ಸುಮ್ನೆ ನಡೆದೆ. ಆಮೇಲೆ ಒಂದು ದಿನ ನೀರುಕಾಗೆ ಕಣ್ಣಿಗೆ ಬಿತ್ತು. ನೀರಿನಿಂದೆದ್ದು ಬಂದು ಒಣಕೊಂಬೆಯ ಮೇಲೆ ಎರಡೂ ರೆಕ್ಕೆ ಅಗಲ ಮಾಡಿ ನಿಂತಿತ್ತು. ಅದರ ಪುಕ್ಕ ನೀರು ಕುಡಿಯುತ್ತದೆ, ಒಣಗಿಸಿಕೊಳ್ಳಲೇಬೇಕು. ಮತ್ತೆ ಮುಳುಗುವ ಮುಂಚೆ ಹಾಗೆ ನಿಲ್ಲಲೇಬೇಕು. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ, ಫೋನ್ ಜೇಬಿಗೆ ಹಾಕಿದ್ದು ನನಗೇ ಗೊತ್ತಾಗಲಿಲ್ಲ.

ಮತ್ತೊಂದು ಬೆಳಿಗ್ಗೆ ಹೆಜ್ಜಾರ್ಲೆ, ಅದೇ ಪೆಲಿಕನ್ ಹಕ್ಕಿ. ದೊಡ್ಡ ದೋಣಿಯ ಹಾಗೆ ತೇಲುತ್ತಾ ಹತ್ತಿರ ಬಂತು, ನನ್ನ ಕಡೆ ಒಂದು ಸಲ ನೋಡಿತು, ಹೋಯಿತು. ಅದಕ್ಕೆ ನಾನು ಯಾರು ಅಂತ ಗೊತ್ತಿಲ್ಲ. ಗೊತ್ತಿಲ್ಲ ಅಂತ ನನಗೆ ಒಂಚೂರೂ ನೋವಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಯಾರೋ ನನ್ನ ಗುರುತು ಹಿಡಿಯಲಿ ಅಂತ ಕಾಯದೆ ಒಬ್ಬರ ಮುಂದೆ ನಿಂತಿದ್ದೆ, ಅಲ್ವಾ? ಇದು ತಲೆಯಲ್ಲಿ ಹೊಳೆದಿದ್ದಲ್ಲ, ಎದೆ ಹಗುರಾದ ಮೇಲೆ ಗೊತ್ತಾಗಿದ್ದು.

ಈ ಕೆರೆಯನ್ನು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಹೊಲಗದ್ದೆಗಳಿಗೆ ನೀರು ಕೊಡಲು ಮಾಡಿಸಿದ್ದು. ಈಗ ಸುತ್ತ ಊರೇ ಬೆಳೆದಿದೆ, ಹೊಲಗದ್ದೆ ಎಲ್ಲಿದೆ? ಆದರೂ ಹಕ್ಕಿ ಬರುತ್ತವೆ. ಅಮ್ಮನೂ ಈಗ ಅಡುಗೆ ಮಾಡುವುದಿಲ್ಲ, ಲೆಕ್ಕ ನೋಡುವುದಿಲ್ಲ, ನನ್ನ ಹೆಸರು ಹೇಳುವುದಿಲ್ಲ.

ಒಂದು ಸಂಜೆ ಮತ್ತೆ "ನೀವು ಯಾರು?" ಅಂದಳು. ನಾನು ಮಗಳು ಅನ್ನಲಿಲ್ಲ. "ಪಕ್ಕದ ಮನೆಯವಳು, ಹೂ ಕಟ್ಟೋಣ ಅಂತ ಬಂದೆ" ಅಂದೆ. ಕನಕಾಂಬರ, ದಾರ ಮುಂದಿಟ್ಟೆ. ಬೆರಳು ತಾವೇ ಓಡಿದವು! ಕೈಗೆ ರೂಢಿಯಾದ ಕೆಲಸದ ನೆನಪು ಈ ಕಾಯಿಲೆಯಲ್ಲಿ ಬಹಳ ದಿನ ಉಳಿಯುತ್ತದೆ, ಅದು ಮಿದುಳಿನ ಬೇರೆ ಕಡೆ ಕೂತಿರುತ್ತದೆ. ಒಂದು ಮೊಳ ಕಟ್ಟಿದಳು. ಮನೆಗೆ ಹೋಗೋಣ ಅನ್ನಲಿಲ್ಲ.

ಕೆರೆ ಏನನ್ನೂ ವಾಸಿ ಮಾಡಲಿಲ್ಲ. ಅಮ್ಮನ ಮರೆವು ಹೆಚ್ಚುತ್ತಲೇ ಇದೆ. ಪ್ರಕೃತಿಯೇ ಔಷಧಿ ಅಂತ ಯಾರಾದರೂ ಹೇಳಿದರೆ ನನಗೆ ಒಪ್ಪಿಗೆ ಇಲ್ಲ. ಆದರೆ ಅಮ್ಮನನ್ನು ಬಿಟ್ಟು ವಾಕಿಂಗ್ ಹೋಗುತ್ತಾಳೆ ಅಂತ ನೆಂಟರು ಆಡಿಕೊಂಡಾಗ ಮೊದಲು ಕುಗ್ಗುತ್ತಿದ್ದೆ, ಈಗ ಇಲ್ಲ. ಅವರೇ "ಅಮ್ಮನ ಸೇವೆ ಪುಣ್ಯದ ಕೆಲಸ" ಅಂತಲೂ ಹೇಳುತ್ತಾರೆ. ಆ ಪುಣ್ಯ ಮಾಡುವವಳಿಗೂ ನಿದ್ದೆ ಬೇಕು, ಬೆಳಕು ಬೇಕು.

ನಿಮಗೆ ಇಂಥ ಮನೆ ಗೊತ್ತಿದ್ದರೆ, "ಏನಾದರೂ ಬೇಕಾದರೆ ಹೇಳು" ಅನ್ನಬೇಡಿ, ನಾವು ಹೇಳುವುದಿಲ್ಲ. ಎಷ್ಟರಿಂದ ಎಷ್ಟು ಗಂಟೆವರೆಗೆ ಬರುತ್ತೀರಿ ಅಂತ ಹೇಳಿ. ಹತ್ತಿರ ಯಾರೂ ಇಲ್ಲದವರು, ಹಿರಿಯರಿಗಾಗಿ ಇರುವ ಎಲ್ಡರ್‌ಲೈನ್ 14567ಕ್ಕೆ ಫೋನ್ ಮಾಡಿ ಕೇಳಿ, ದುಡ್ಡು ಕೊಡಬೇಕಿಲ್ಲ.

ನಾಳೆ ಆರು ಗಂಟೆಗೆ ಅಕ್ಕ ಬರುತ್ತಾರೆ. ಏರಿಯ ಮೇಲಿನ ಹೊಂಗೆ ಮರಗಳು ಚಿಗುರಿವೆ. ಒಂದು ಚಿಗುರು ತಂದು ಅಮ್ಮನ ಕೈಗೆ ಕೊಡಬೇಕು. ಎಲ್ಲಿಂದ ತಂದಿರಿ ಅಂತ ಕೇಳುತ್ತಾಳೆ.