ವಿಸ್ಕಿ ಪೀಪಾಯಿ ಕಂಡು ಬಂದ ಬ್ರಾಂದಿ

ಮೊದಲ ಬಣ್ಣ ನೋಡ್ರಿ. ಬೆಳಕಿಗೆ ಹಿಡದ್ರ, ಹುಣಸಿಹಣ್ಣು ಹಚ್ಚಿ ತಿಕ್ಕಿದ ತಾಮ್ರದ ತಂಬಿಗಿ ಹಂಗ ಹೊಳೀತದ. ಫ್ರಾನ್ಸಿನ ದ್ರಾಕ್ಷಿ ಬ್ರಾಂದಿ ಇದು. ಹತ್ತು ವರ್ಷದ ಮ್ಯಾಲ ಓಕ್ ಪೀಪಾಯಿಯೊಳಗ ಇಟ್ಟು, ಕಡೀಕ ಸ್ಕಾಚ್ ವಿಸ್ಕಿ ಇಟ್ಟಿದ್ದ ಖಾಲಿ ಪೀಪಾಯಿಗೆ ಸುರುವಿ ಕೆಲವು ತಿಂಗಳು ಬಿಟ್ಟಾರ.

ಬಾಟ್ಲಿ ಮ್ಯಾಲ ‘ಕಾನ್ಯಾಕ್’ ಅಂತ ಬರದಿಲ್ಲ. ಫ್ರಾನ್ಸಿನ ಕಾನ್ಯಾಕ್ ಸೀಮಿದಾಗ ಮಾಡೋ ದ್ರಾಕ್ಷಿ ಬ್ರಾಂದಿ ಹೆಸರದು. ಆ ಹೆಸರು ಬೇಕಂದ್ರ ಪೀಪಾಯಿ ಹೊಸಾದಿರಬೇಕು, ಇಲ್ಲಾಂದ್ರ ಅದರಾಗ ಮೊದಲ ವೈನ್ ಅಥವಾ ವೈನಿನಿಂದ ಬಟ್ಟಿ ಇಳಿಸಿದ್ದೇ ಇದ್ದಿರಬೇಕು. ವಿಸ್ಕಿ ಪೀಪಾಯಿ ಮುಟ್ಟಿತಂದ್ರ ಹೆಸರು ಹೋತು. ಕಾನ್ಯಾಕ್ ಮಾಡೋ ಮಾರ್ಟೆಲ್ ಕಂಪನಿಯವರು ಬರ್ಬನ್, ಅಂದ್ರ ಅಮೆರಿಕದ ವಿಸ್ಕಿ, ಅದರ ಪೀಪಾಯಿದಾಗ ಮುಗಿಸಿ 2016ರಾಗ ‘ಬ್ಲೂ ಸ್ವಿಫ್ಟ್’ ತಂದ್ರಲ್ಲ, ಅದಕ್ಕೂ ಇದೇ ಕಟ್ಟು.

ಇನ್ನ ನಮ್ಮ ಕಲಬುರಗಿ ಬ್ಯಾಸಗಿ. ಹೊತ್ತು ಮುಳುಗಿದ್ರೂ ಮಾಳಗಿ ಮ್ಯಾಲಿನ ಶಹಾಬಾದಿ ಪರಸಿ ಕಾಲು ಸುಡ್ತದ. ಅಂಥಾ ಕಲ್ಲಿನ ಮ್ಯಾಲ ಗ್ಲಾಸ್ ಇಟ್ರ ಬರೇ ಸ್ಪಿರಿಟ್ ಘಾಟು ಮೂಗಿಗೆ ಬಡೀತದ, ದ್ರಾಕ್ಷಿ ಸಿಗಂಗಿಲ್ಲ. ಅದಕ್ಕ ಬಾಟ್ಲಿಗೆ ಹಸೀ ಅರಿವಿ ಸುತ್ತಿ ನೀರಿನ ಗಡಿಗಿ ಬಾಜೂಕ ಇಟ್ಟಿದ್ದೆ. ಐಸ್ ಹಾಕಬ್ಯಾಡ್ರಿ, ವಾಸನಿ ಸತ್ತು ಹೋಗ್ತದ. ಕೋಲಾ ಅಂತೂ ಬ್ಯಾಡೇ ಬ್ಯಾಡ.

ಇದೇ ಬಿಸಿಲಿನ ಸಲುವಾಗಿ ನಮ್ಮ ಕಡೆ ಪೀಪಾಯಿದಾಗ ಇಷ್ಟು ವರ್ಷ ಇಡೋದು ಕಷ್ಟ. ಕಟ್ಟಿಗಿಯೊಳಗಿಂದ ವರ್ಷಾ ಒಂದಿಷ್ಟು ಆವಿ ಆಗಿ ಹೋಗ್ತದ, ದೇವತೆಗಳ ಪಾಲು ಅಂತಾರ ಅದಕ್ಕ. ಕಾನ್ಯಾಕ್ ಸೀಮಿದಾಗ ವರ್ಷಕ್ಕ ಸುಮಾರು 2 ಪರ್ಸೆಂಟ್. ಬೆಂಗಳೂರಿನ ಅಮೃತ್ ಡಿಸ್ಟಿಲರಿದಾಗ 10ರಿಂದ 12. ಅವರು ತಮ್ಮ ಹಳೇ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ (ದುರಾಸಿ ದೇವತೆಗಳು) ಅಂತ ಹೆಸರಿಟ್ಟಿದ್ದೇ ಇದಕ್ಕ. ವರ್ಷಕ್ಕ 10 ಹೋದ್ರ, ಹತ್ತು ವರ್ಷಕ್ಕ ಪೀಪಾಯಿ ತಳದಾಗ ಮೂರನೇ ಒಂದು ಪಾಲು ಉಳದ್ರ ದೊಡ್ಡದು.

ಈಗ ಮೂಗು. ಗ್ಲಾಸಿನೊಳಗ ಮೂಗು ತುರುಕಬ್ಯಾಡ್ರಿ, ದೂರದಿಂದ, ಬಾಯಿ ತುಸು ತೆರದು ಎಳಕೋರಿ. ಒಣ ಅಂಜೂರ, ಕಿತ್ತಳಿ ಸಿಪ್ಪಿ, ಹಳೇ ಬೆಲ್ಲ. ಅದರ ಹಿಂದ ಅಕ್ರೋಟು, ಮಳಿಗಾಲದ ಅಣಬಿ, ಚರ್ಮ, ಎಲ್ಲಾ ಕೂಡಿದ್ದೊಂದು ಗಾಢ ವಾಸನಿ ಬರ್ತದ. ಕಾನ್ಯಾಕ್ ಸೀಮಿಯವರು ಇದಕ್ಕ ‘ರಾನ್ಸಿಯೋ’ ಅಂತಾರ. ಎಳೇ ಬ್ರಾಂದಿಗೆ ಇದು ಬರಂಗಿಲ್ಲ, ಎಷ್ಟು ಬಣ್ಣ ಸಕ್ಕರಿ ಬೆರೆಸಿದ್ರೂ ಬರಂಗಿಲ್ಲ. ನನಗ ಈ ಬಾಟ್ಲಿಯೊಳಗ ಎಲ್ಲಕ್ಕಿಂತ ಕಿಮ್ಮತ್ತಿಂದು ಇದೇ ನೋಡ್ರಿ. ಇದರ ಸಲುವಾಗೇ ಭಾಳ ಹೊತ್ತು ಬರೇ ವಾಸನಿ ತಗೋತ ಕುಂತೆ.

ಒಂದು ಗುಟುಕು. ನಾಲಗಿ ಮ್ಯಾಲ ಮೊದಲ ಮೆತ್ತಗ, ಸಿಹಿ. ಆಮ್ಯಾಲ ವೆನಿಲ್ಲಾ, ಸಣ್ಣಗ ಕೊಬ್ರಿ. ಈ ಕೊಬ್ರಿ ಅಮೆರಿಕದ ಓಕಿಂದು. ಬರ್ಬನ್‌ಗೆ ಅಲ್ಲಿ ಕಾನೂನು ಹೊಸಾ, ಒಳಗ ಸುಟ್ಟ ಪೀಪಾಯೇ ಬೇಕು ಅಂತದ. ಒಮ್ಮೆ ಬಳಸಿದ ಪೀಪಾಯಿ ಭಾಳಷ್ಟು ಸ್ಕಾಟ್ಲೆಂಡಿಗೆ ಹೋಗ್ತಾವ, ಅಲ್ಲಿ ಸ್ಕಾಚ್ ತುಂಬ್ತಾರ. ಅಂದ್ರ ಈ ಬ್ರಾಂದಿಗೆ ಸ್ಕಾಚಿನ ಜೋಡಿ ಬರ್ಬನ್ ನೆನಪೂ ಹತ್ತ್ಯದ. ಕಡೀಕ ಹೊಗಿ, ಸ್ಕಾಚಿಗೆ ಪೀಟ್ (ಜೌಗು ನೆಲದಾಗಿನ ಉರಿಯೋ ಮಣ್ಣು) ಸುಟ್ಟು ಬಾರ್ಲಿ ಒಣಗಿಸಿದ ಹೊಗಿ.

ಬಾಜೂಕ ಕುಂತ ನಮ್ಮ ಕಾಕಾ ಜೀವಮಾನೆಲ್ಲ ಬ್ರಾಂದಿ ತಗೊಂಡವರು. ಒಂದು ಗುಟುಕಿಗೇ ಹುಬ್ಬು ಗಂಟು.

“ದ್ರಾಕ್ಷಿ ಭಾಳ ಛಲೋ ಅದಲ್ಲೋ ತಮ್ಮಾ. ಈ ಹೊಗಿ ಯಾಕ ಹಾಕ್ಯಾರ?”

“ಕಾಕಾ, ಎರಡು ಹನಿ ನೀರು ಹಾಕ್ಕೊಂಡು ನೋಡ್ರಿ.”

ನೀರು ಬಿದ್ದದ್ದೇ ತಡ, ಹೊಗಿ ಇನ್ನೂ ಮುಂದ ಬಂತು. ಕಾಕಾ ಗ್ಲಾಸ್ ನನ್ನ ಕಡೆ ಸರಿಸಿದ್ರು. ಅವರ ಮಾತು ಖರೇ ಅದ. ಅಷ್ಟು ವರ್ಷ ಕಾದು ಬಂದ ರಾನ್ಸಿಯೋ ಮುಂದ ಕೆಲವು ತಿಂಗಳ ಹೊಗಿ ಅಡ್ಡ ನಿಂತದ. ಆ ಎರಡನೇ ಪೀಪಾಯಿದಾಗ ಇನ್ನೂ ಕಮ್ಮಿ ದಿನ ಇಟ್ಟಿದ್ರ, ಹೊಗಿ ಹಿಂದ ಇರ್ತಿತ್ತು, ಹಣ್ಣು ಮುಂದ ಇರ್ತಿತ್ತು.

ಪೀಟ್ ವಿಸ್ಕಿ ಪ್ರೀತಿ ಮಾಡೋ ಗೆಳೆಯರಿಗೆ ಬ್ರಾಂದಿ ರುಚಿ ತೋರಸಬೇಕಂದ್ರ ಈ ಬಾಟ್ಲಿ ಧೈರ್ಯದಿಂದ ಕೊಡ್ರಿ, ನೀರಿಲ್ಲದ, ತಣ್ಣಗ. ಕಾಕಾಗ ಮಾತ್ರ ಮುಂದಿನ ಸಲ ವಿಸ್ಕಿ ಪೀಪಾಯಿ ಕಾಣದ ಹಳೇ ಬ್ರಾಂದೀನೇ ತರ್ತೀನಿ.