ಐಡಿ ಕೇಳುವ ಸರ್ಕಾರ ಐಡಿಯನ್ನೂ ಕೊಡಬೇಕು

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಓಟು ಹಾಕಲು ಐಡಿ ಕೇಳಿದರೆ ಇಷ್ಟೊಂದು ಜಗಳ ಯಾಕೆ? ಊರಿಂದ ಬರುವ ನೆಂಟರು ನಮ್ಮನ್ನು ಕೇಳುವ ಪ್ರಶ್ನೆ ಇದು. ಭಾರತದಲ್ಲಿ ಎಲ್ಲರೂ ಗುರುತಿನ ಚೀಟಿ ತೋರಿಸಿಯೇ ಓಟು ಹಾಕ್ತೀವಿ, ಅದರಲ್ಲೇನು ಕಷ್ಟ ಅಂತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಐಡಿ ಕೇಳುವುದೇ ಅನ್ಯಾಯ ಅಂತ ನಾನೂ ಹೇಳುವುದಿಲ್ಲ. ಯಾವ ಐಡಿ ನಡೆಯುತ್ತದೆ, ಅದನ್ನು ಮಾಡಿಸುವ ಖರ್ಚು ಯಾರದು, ಓಡಾಟ ಯಾರದು ಅಂತ ನೋಡಿದಾಗಲೇ ಜಗಳದ ಕಾರಣ ಗೊತ್ತಾಗುವುದು.

ಭಾರತದಲ್ಲಿ 1993ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ ಮತದಾರರ ಗುರುತಿನ ಚೀಟಿ ಬಂತು. ಪಟ್ಟಿ ಮಾಡುವುದು, ಫೋಟೋ ಹಿಡಿಯುವುದು, ಚೀಟಿ ಕೊಡುವುದು ಎಲ್ಲವನ್ನೂ ಚುನಾವಣಾ ಆಯೋಗವೇ ವಹಿಸಿಕೊಂಡಿತು. ಆ ಚೀಟಿ ಇಲ್ಲದಿದ್ದರೆ ಫೋಟೋ ಇರುವ ಅಂಚೆ ಕಚೇರಿ ಪಾಸ್‌ಬುಕ್ ನಡೆಯುತ್ತದೆ, ಉದ್ಯೋಗ ಖಾತ್ರಿ ಜಾಬ್ ಕಾರ್ಡ್ ಕೂಡ ನಡೆಯುತ್ತದೆ. ಕೂಲಿ ಮಾಡುವವರ ಕೈಯಲ್ಲಿ ಏನಿರುತ್ತದೆ ಅಂತ ಯೋಚಿಸಿ ಮಾಡಿದ ಪಟ್ಟಿ ಅದು.

ಇಲ್ಲಿ ಅಮೆರಿಕದಲ್ಲಿ ಹಾಗಲ್ಲ. ಚುನಾವಣೆ ನಡೆಸುವ ರೀತಿಯನ್ನು ಸಂವಿಧಾನ ಮೊದಲು ರಾಜ್ಯಗಳ ಕೈಗೆ ಕೊಟ್ಟಿದೆ. ಹಾಗಾಗಿ ರಾಜ್ಯಕ್ಕೊಂದು ನಿಯಮ. ನಾರ್ತ್ ಡಕೋಟದಲ್ಲಂತೂ ಮತದಾರರ ನೋಂದಣಿಯೇ ಇಲ್ಲ. ದೇಶಕ್ಕೆಲ್ಲ ಒಂದೇ ಗುರುತಿನ ಚೀಟಿ ಅನ್ನೋದೂ ಇಲ್ಲ. ಇರುವುದು ಡ್ರೈವಿಂಗ್ ಲೈಸೆನ್ಸ್. ಕಾರು ಓಡಿಸದವರು ಏನು ಮಾಡಬೇಕು?

ಇಂಡಿಯಾನಾ ರಾಜ್ಯ 2005ರಲ್ಲಿ ಫೋಟೋ ಐಡಿ ಕಡ್ಡಾಯ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2008ರ ಏಪ್ರಿಲ್ 28ರಂದು ಕೋರ್ಟು 6-3ರಲ್ಲಿ ಕಾನೂನನ್ನು ಎತ್ತಿಹಿಡಿಯಿತು. ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಒಂದು ಮಾತನ್ನು ಒಪ್ಪಿಕೊಂಡಿದ್ದರು. ಇನ್ನೊಬ್ಬರ ಹೆಸರು ಹೇಳಿಕೊಂಡು ಮತಗಟ್ಟೆಗೆ ಬಂದು ಓಟು ಹಾಕಿದ ಒಂದು ಪ್ರಕರಣವೂ ಇಂಡಿಯಾನಾದಲ್ಲಿ ಆಗಿದ್ದಕ್ಕೆ ಕೋರ್ಟಿನ ಮುಂದೆ ಪುರಾವೆ ಇರಲಿಲ್ಲ.

ಎಂಟು ದಿನ ಕಳೆದು ಮೇ 6ರಂದು ಅಲ್ಲಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಸೌತ್ ಬೆಂಡ್ ಊರಿನ ಕಾನ್ವೆಂಟಿನಲ್ಲಿ, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ, ಇದ್ದ ಮತಗಟ್ಟೆಗೆ ಅಲ್ಲಿನ ಸುಮಾರು 12 ಸನ್ಯಾಸಿನಿಯರು ಓಟು ಹಾಕಲು ಬಂದರು. ಎಂಬತ್ತು, ತೊಂಬತ್ತು ದಾಟಿದ ವಯಸ್ಸು. ಅವರ ಹತ್ತಿರ ಕಾನೂನು ಒಪ್ಪುವ ಐಡಿ ಇರಲಿಲ್ಲ. ಮತಗಟ್ಟೆಯಲ್ಲಿ ಕೂತಿದ್ದವರೂ ಅದೇ ಕಾನ್ವೆಂಟಿನ ಸನ್ಯಾಸಿನಿ. ಎದುರಿಗೆ ನಿಂತವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ವಾಪಸ್ ಕಳಿಸಬೇಕಾಯಿತು. ಗುರುತು ಹಿಡಿಯಲಿಕ್ಕೆ ಅಂತಲೇ ಬಂದ ಕಾನೂನು, ಚೆನ್ನಾಗಿ ಗುರುತಿದ್ದವರನ್ನೇ ಹೊರಗೆ ನಿಲ್ಲಿಸಿತು. ಇಂಡಿಯಾನಾದಲ್ಲಿ ಐಡಿ ಕಾರ್ಡು ಪುಕ್ಕಟೆ ಸಿಗುತ್ತದೆ, ನಿಜ. ಅದನ್ನು ಪಡೆಯಲು ಬೇಕಾದ ಜನನ ಪ್ರಮಾಣ ಪತ್ರಕ್ಕೆ ದುಡ್ಡು ಕೊಡಬೇಕು, ಕಚೇರಿಗೆ ಹೋಗಿಬರಬೇಕು.

2013ರಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಜನಾಂಗದ ಹೆಸರಲ್ಲಿ ಓಟು ತಪ್ಪಿಸಿದ ಇತಿಹಾಸ ಇರುವ ರಾಜ್ಯಗಳು ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು ಅಂತ 1965ರ ಮತದಾನ ಹಕ್ಕುಗಳ ಕಾಯ್ದೆ ಹೇಳುತ್ತಿತ್ತು. ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ, ಯಾವ ರಾಜ್ಯಗಳಿಗೆ ಇದು ಅನ್ವಯ ಅಂತ ಹೇಳುವ ಸೂತ್ರವನ್ನೇ ತೆಗೆದುಹಾಕಿತು. ಅದೇ ದಿನ ಟೆಕ್ಸಾಸ್ ತನ್ನ ಐಡಿ ಕಾನೂನು ಜಾರಿ ಮಾಡುವುದಾಗಿ ಹೇಳಿತು. ಆ ಕಾನೂನಿನಲ್ಲಿ ಬಂದೂಕಿನ ಲೈಸೆನ್ಸ್ ನಡೆಯುತ್ತಿತ್ತು, ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಐಡಿ ನಡೆಯುತ್ತಿರಲಿಲ್ಲ. ಎರಡರಲ್ಲೂ ಫೋಟೋ ಇದೆ. ಎರಡಕ್ಕೂ ಸರ್ಕಾರದ ಮೊಹರು ಇದೆ. ನೋಂದಾಯಿತ ಮತದಾರರಲ್ಲಿ ಸುಮಾರು 6 ಲಕ್ಷ ಜನರ ಹತ್ತಿರ ಬೇಕಾದ ಐಡಿ ಇಲ್ಲ ಅಂತ 2014ರಲ್ಲಿ ಜಿಲ್ಲಾ ಕೋರ್ಟು ಕಂಡುಕೊಂಡಿತು.

ನಾರ್ತ್ ಕ್ಯಾರೊಲಿನಾ ತನ್ನ ಐಡಿ ಕಾನೂನಿನಲ್ಲಿ ಇನ್ನೂ ಮುಂದೆ ಹೋಯಿತು. ಯಾವ ಜನಾಂಗದವರು ಹೇಗೆ ಓಟು ಹಾಕುತ್ತಾರೆ ಅಂತ ಮೊದಲು ಅಂಕಿ ಅಂಶ ತರಿಸಿಕೊಂಡರು. ಆಮೇಲೆ ಕಪ್ಪು ಜನ ಜಾಸ್ತಿ ಬಳಸುವ ವ್ಯವಸ್ಥೆಗಳನ್ನೇ ಕತ್ತರಿಸಿದರು. ಚುನಾವಣೆಯ ದಿನಕ್ಕೆ ಮೊದಲೇ ಓಟು ಹಾಕುವ ಮುಂಚಿತ ಮತದಾನ 17 ದಿನದಿಂದ 10ಕ್ಕೆ ಇಳಿಯಿತು. 2016ರಲ್ಲಿ ಮೇಲ್ಮನವಿ ಕೋರ್ಟು ಇದನ್ನು ರದ್ದು ಮಾಡುತ್ತಾ, ಹೆಚ್ಚುಕಡಿಮೆ ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ ಆಫ್ರಿಕನ್ ಅಮೆರಿಕನ್ನರನ್ನು ಗುರಿ ಮಾಡಲಾಗಿದೆ ಅಂದಿತು. ಆದರೆ ಐಡಿ ನಿಯಮ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಆ ರಾಜ್ಯದ ಮತದಾರರೇ ಅದನ್ನು ರಾಜ್ಯ ಸಂವಿಧಾನಕ್ಕೆ ಸೇರಿಸಿದರು. ಜನ ಐಡಿಯನ್ನು ಒಪ್ಪುತ್ತಾರೆ. ಇದನ್ನು ಮರೆತು ವಾದ ಮಾಡುವವರಿಗೆ ಕೇಳುಗರು ಸಿಗುವುದಿಲ್ಲ.

ಪೌರತ್ವದ ದಾಖಲೆ ಕೇಳುವುದು ಇದಕ್ಕಿಂತ ಭಾರ. ಕ್ಯಾನ್ಸಸ್ ರಾಜ್ಯ ಇದನ್ನು 2013ರಿಂದ ಜಾರಿಗೆ ತಂದಿತು. ಮತದಾರರ ಪಟ್ಟಿಗೆ ಸೇರಲು ಬಂದ 31,089 ಅರ್ಜಿದಾರರು ದಾಖಲೆ ಕೊಡದೆ ಹೊರಗುಳಿದರು. ಸುಮಾರು ಎರಡು ದಶಕಗಳಲ್ಲಿ ಪಟ್ಟಿಗೆ ಸೇರಿಕೊಂಡ ಪೌರರಲ್ಲದವರು ಎಷ್ಟು ಅಂತ ಕೋರ್ಟು ನೋಡಿತು. ಹೆಚ್ಚೆಂದರೆ 39. ಆ 39 ಕೂಡ ಆಗಬಾರದಿತ್ತು, ಒಪ್ಪೋಣ. ಅದಕ್ಕೆ 31 ಸಾವಿರ ಜನರನ್ನು ಬಾಗಿಲಲ್ಲಿ ನಿಲ್ಲಿಸಬೇಕಿತ್ತಾ? 2018ರಲ್ಲಿ ಕೋರ್ಟು ಬೇಡ ಅಂದಿತು.

ಎದುರು ವಾದವನ್ನೂ ಹೇಳಲೇಬೇಕು. ಕ್ಯಾಂಟೋನಿ ಮತ್ತು ಪಾನ್ಸ್ ಎಂಬ ಅರ್ಥಶಾಸ್ತ್ರಜ್ಞರು 2008ರಿಂದ 2018ರವರೆಗಿನ ಮಾಹಿತಿ ನೋಡಿದರು. ಕಟ್ಟುನಿಟ್ಟಿನ ಐಡಿ ಕಾನೂನುಗಳಿಂದ ಒಟ್ಟು ಮತದಾನ ಗಮನಾರ್ಹವಾಗಿ ಕುಸಿದಿಲ್ಲ ಅಂದರು. ಕಳ್ಳ ಓಟು ಕಡಿಮೆಯಾದದ್ದಕ್ಕೂ ಅವರಿಗೆ ಪುರಾವೆ ಸಿಗಲಿಲ್ಲ. ಕೆಲವು ಕಡೆ ಜನ ಸಿಟ್ಟಿಗೆದ್ದು ಹೆಚ್ಚು ಓಡಾಡಿದ್ದೂ ಉಂಟು. 2018ರಲ್ಲಿ ನಾರ್ತ್ ಡಕೋಟದಲ್ಲಿ ಐಡಿ ಮೇಲೆ ಮನೆ ವಿಳಾಸ ಇರಲೇಬೇಕು ಅಂದಾಗ, ಬೀದಿ ಹೆಸರು, ಮನೆ ನಂಬರುಗಳೇ ಇಲ್ಲದ ಮೂಲನಿವಾಸಿ ಪ್ರದೇಶಗಳು ಕಂಗಾಲಾದವು. ಬುಡಕಟ್ಟು ಕಚೇರಿಗಳು ಜನರಿಗೆ ಪುಕ್ಕಟೆ ಕಾರ್ಡು ಮಾಡಿಕೊಟ್ಟವು. ಟರ್ಟಲ್ ಮೌಂಟನ್ ಬುಡಕಟ್ಟಿನ ಕಚೇರಿಯಲ್ಲಿ ಕಾರ್ಡು ಮುದ್ರಿಸುವ ಯಂತ್ರವೇ ಬಿಸಿಯಾಗಿ ಕೈಕೊಟ್ಟಿತು. ಜನ ಓಟು ಹಾಕಿದರು. ಲೆಕ್ಕದಲ್ಲಿ ಮತದಾನ ಕುಸಿಯಲಿಲ್ಲ ಅಂತಲೇ ಬರುತ್ತದೆ. ಆ ಕಚೇರಿಗಳು ಪಟ್ಟ ಪಾಡು ಯಾವ ಲೆಕ್ಕದಲ್ಲೂ ಬರುವುದಿಲ್ಲ. ನನಗೆ ನೋವಾಗುವುದು ಅಲ್ಲೇ.

ಇನ್ನು ನಮ್ಮ ವಿಷಯ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ 'ಸೇವ್' ಮಸೂದೆಗೆ ಒಪ್ಪಿಗೆ ಕೊಟ್ಟಿತು. ನೋಂದಣಿಗೇ ಪೌರತ್ವದ ದಾಖಲೆ ಬೇಕು ಅನ್ನುವ ಮಸೂದೆ ಅದು. ಇಲ್ಲಿ ಪೌರತ್ವ ಪಡೆದ ಕನ್ನಡಿಗರಿಗೆ ಇದು ದೂರದ ಮಾತಲ್ಲ. ನಮ್ಮ ಹೆಸರುಗಳನ್ನು ನೋಡಿ. ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದು ದಾಖಲೆಯಲ್ಲಿ ಅದೇ ಅಪ್ಪನ ಹೆಸರು ಅಥವಾ ಊರಿನ ಹೆಸರಾಗಿ ಪೂರ್ತಿ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿದವರು ಎಷ್ಟೋ ಜನ. ನ್ಯೂ ಹ್ಯಾಂಪ್‌ಶೈರ್ ರಾಜ್ಯ ಇಂಥ ನಿಯಮವನ್ನು ಆಗಲೇ ತಂದಿದೆ. 2025ರ ಮಾರ್ಚ್‌ನಲ್ಲಿ ಅಲ್ಲಿನ ಊರ ಚುನಾವಣೆಗಳಲ್ಲಿ ದಾಖಲೆ ಸಾಲದೆ ಕೆಲವರು ಹಿಂದಿರುಗಬೇಕಾಯಿತು. ಪೌರತ್ವ ಪ್ರಮಾಣ ಪತ್ರ ಕಳೆದುಹೋದರೆ ಹೊಸದಕ್ಕೆ 500 ಡಾಲರಿಗೂ ಹೆಚ್ಚು ಶುಲ್ಕ.

ಹಾಗಾಗಿ ಇವತ್ತು ಮನೆಗೆ ಹೋದ ಮೇಲೆ ಪೌರತ್ವ ಪತ್ರ, ಪಾಸ್‌ಪೋರ್ಟ್, ಲೈಸೆನ್ಸ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಒಂದೇ ಇದೆಯಾ ನೋಡಿ. ನಿಮ್ಮ ಜೊತೆ ಇರುವ ಅಪ್ಪ ಅಮ್ಮ ಪೌರತ್ವ ಪಡೆದಿದ್ದರೆ ಅವರದ್ದನ್ನೂ ನೋಡಿ. ಅವರು ಕಾರು ಓಡಿಸದಿದ್ದರೆ ರಾಜ್ಯದ ಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಿಸಿ. ನಿಯಮ ಯಾವಾಗ ಬದಲಾಯಿತು ಅನ್ನೋದು ಬಹಳಷ್ಟು ಜನರಿಗೆ ಗೊತ್ತಾಗುವುದು ಮತಗಟ್ಟೆಯ ಸಾಲಿನಲ್ಲಿ ನಿಂತಾಗಲೇ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.